ಕಲ್ಲಮ್ಮ ಹೇಳದ ಹೆಸರು

ತರೀಕೆರೆಯ ಹಳೆ ಸಬ್‌ಜೈಲಿಗೆ ಕಲ್ಲಮ್ಮ ಹದಿನೆಂಟು ವರ್ಷ ಅಡುಗೆ ಮಾಡಿ ಕಳಿಸಿದವಳು. ಜೈಲಿನ ಗೋಡೆಗೆ ಅಂಟಿಕೊಂಡೇ ಅವಳ ಮನೆ. ಪಾತ್ರೆ ಒಳಗೆ ಹೋಗುವ ಮುನ್ನ ಗೇಟಿನಲ್ಲಿ ನಿಂತು, ಕಾವಲಿನವರ ಎದುರು ಒಂದು ತುತ್ತು ತಾನೇ ತಿಂದು ತೋರಿಸಬೇಕಿತ್ತು. ಸೋಮವಾರದ ಉಪವಾಸವೂ ಆ ತುತ್ತಿಗೆ ಮುರಿಯುತ್ತಿತ್ತು. “ಒಳಗಿರೋರು ನನ್ನ ನಂಬಿ ಉಣ್ಬೇಕು. ನನ್ನ ಉಪವಾಸ ಶಿವ ನೋಡ್ಕೊಳ್ಳಲಿ” ಎನ್ನುತ್ತಿದ್ದಳು.

ಜೈಲು ಮುಚ್ಚಿ ಹನ್ನೊಂದು ವರ್ಷ. ಈಗ ಮತ್ತೆ ತೆರೆಯುತ್ತಾರೆಂಬ ಸುದ್ದಿ ಬಂದದ್ದೇ ತಡ, ಬೀದಿ ಎದ್ದು ಕೂತಿತು. ಭಾನುವಾರ ಬೆಳಿಗ್ಗೆ ಕೊಬ್ಬರಿ ವ್ಯಾಪಾರದ ರುದ್ರಮೂರ್ತಿ ಅರ್ಜಿ ಹಿಡಿದು, ಹತ್ತಾರು ಜನರೊಂದಿಗೆ ಅವಳ ಜಗಲಿಗೇ ಬಂದ. ಗೋಡೆಗೆ ಅಂಟಿದ ಮನೆಯವಳೇ ಜೈಲು ಬೇಡವೆಂದು ಮೊದಲ ಸಹಿ ಹಾಕಿದರೆ ಅರ್ಜಿಗೆ ತೂಕ.

“ನಾನು ಹಾಕಲ್ಲ ಕಣಪ್ಪಾ.”

“ಅಲ್ಲ ಕಣಮ್ಮಾ, ನನ್ನ ಮಗಳು ಭುವನಾ ಸಂಜೆ ಟ್ಯೂಷನ್ನಿಂದ ಇದೇ ಗೇಟು ದಾಟಿ ಬರ್ಬೇಕು. ಒಳಗಿಂದ ಬಂದೋನು ನಮ್ಮ ಬೀದೀಲೇ ಬೀಡು ಬಿಟ್ರೆ?”

ಅವನ ಭಯ ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. “ದೀಪ ಕೇಳು. ಕೈದಿಗಳನ್ನ ನೋಡೋಕೆ ಬರೋರಿಗೆ ಹಿಂದಿನ ರಸ್ತೇಲಿ ಬಾಗ್ಲು ಕೇಳು. ಹಾಕ್ತೀನಿ. ಆದ್ರೆ ಜೈಲಿಗೆ ಹೋಗೋರೆಲ್ಲ ಕೆಟ್ಟೋರು ಅಂತ ಬರ್ದಿದ್ದೀಯಲ್ಲ, ಅದಕ್ಕೆ ಹಾಕಲ್ಲ.”

“ಹಂಗಾದ್ರೆ ಅಲ್ಲಿಂದ ಬಂದ ಒಬ್ಬ ಒಳ್ಳೇ ಮನುಷ್ಯನ್ನ ಹೇಳು. ಒಬ್ಬನ್ನ!”

ಜಗಲಿಯ ಮೂಲೆಯಲ್ಲಿ ಏಣಿ ಹತ್ತಿ ಎಲೆಕ್ಟ್ರಿಷಿಯನ್ ಭೈರೇಶ್ ಅವಳ ಮನೆಯ ವೈರು ಎಳೆಯುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಅಜ್ಜಂಪುರದ ಕಡೆ ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮಗನ ತಲೆ ಒಡೆದು ಒಳಗೆ ಬಂದವನು. ಬಿಡುಗಡೆಯಾದ ಮೇಲೆ ಇದೇ ಬೀದಿಯಲ್ಲಿ ನೆಲೆಸಿ ಎಲ್ಲರ ಮೋಟಾರು, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ. ಅವನು ಜೈಲಿನಲ್ಲಿದ್ದು ಬಂದದ್ದು ಬೀದಿಯಲ್ಲಿ ಗೊತ್ತಿದ್ದುದು ಕಲ್ಲಮ್ಮನೊಬ್ಬಳಿಗೆ. ವಾದ ಗೆಲ್ಲಲು ಆ ಹೆಸರೊಂದೇ ಸಾಕಿತ್ತು. ಅವಳು ಏಣಿಯ ಕಡೆ ಕಣ್ಣೆತ್ತಲೂ ಇಲ್ಲ.

“ಹೇಳಲ್ಲ.”

“ಇದ್ರೆ ತಾನೇ ಹೇಳೋದು!” ಯಾರೋ ನಕ್ಕರು.

ಭೈರೇಶ್ ಇಳಿದು ಬಂದ. “ಅಮ್ಮಾ...”

“ನಿನ್ ಕೆಲ್ಸ ನೋಡೋ. ಹತ್ತು ಮೇಲಕ್ಕೆ.”

“ಇನ್ನೆಷ್ಟು ವರ್ಷ ಬಾಯಿ ಹೊಲ್ಕೊಂಡಿರ್ತೀಯಮ್ಮಾ?” ಎಂದವನು ರುದ್ರಮೂರ್ತಿಯ ಕಡೆ ತಿರುಗಿದ. “ನಾನು ಕಣ್ರೀ. ಮೂವತ್ತೆಂಟು ದಿನ ಇವ್ರು ಮಾಡಿದ ಅನ್ನ ಉಂಡಿದ್ದೀನಿ. ತಪ್ಪು ಮಾಡೇ ಹೋಗಿದ್ದೆ.”

ಇಬ್ಬರು ಮೂವರು ಚಪ್ಪಲಿ ಮೆಟ್ಟಿ ಹೊರಟೇಹೋದರು.

“ನೆನ್ನೆ ನಮ್ಮನೆ ಬೀಗದ ಕೈ ನಿನ್ ಕೈಗೆ ಕೊಟ್ಟು ಬೀರೂರಿಗೆ ಹೋಗಿದ್ನಲ್ಲೋ!” ಎಂದ ರುದ್ರಮೂರ್ತಿ. ಸಿಟ್ಟೋ ನಾಚಿಕೆಯೋ, ಅವನಿಗೇ ತಿಳಿದಿರಲಿಲ್ಲ. ಪೆನ್ನು ತೆಗೆದು, ಜೈಲು ಬೇಡವೆಂದೂ ಅಲ್ಲಿರುವವರೆಲ್ಲ ಕೆಟ್ಟವರೆಂದೂ ಬರೆದಿದ್ದ ಅರ್ಜಿಯ ಮೊದಲ ಮೂರು ಸಾಲು ಹೊಡೆದುಹಾಕಿದ. “ದೀಪ, ಹಿಂದಿನ ಬಾಗ್ಲು. ಇನ್ನೇನು ಬರೀಲಮ್ಮಾ?”

“ಭುವನಾ ಬರೋ ಹೊತ್ತಿಗೆ ಗೇಟಲ್ಲೊಬ್ಬ ಪೊಲೀಸು.”

ಕಾಗದ ಕೈಗೆ ಬಂತು. ಕಲ್ಲಮ್ಮ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ದುಂಡಗೆ ಬರೆದಳು: ಕಲ್ಲಮ್ಮ, ಜೈಲಿನ ಅಡುಗೆಯವಳು.