ಎರಡು ಬೀಗದ ಪೆಟ್ಟಿಗೆ, ಎನೆಲೆಸಿಯ ಕೈತೂಕ

ಮೊಬೈಲ್ ಕಂಪನಿಗಳ ಹೆಸರೆತ್ತಿದರೆ ಸಾಕು, ಎನೆಲೆಸಿಗೆ ಮೈಯೆಲ್ಲ ಉರಿಯುತ್ತಿತ್ತು. ಮಲಾವಿ ಸರೋವರದ ದಡದಲ್ಲಿ, ಮೀನು ಒಣಗಿಸುವ ಅಟ್ಟಣೆಗಳ ಹಿಂದೆ, ಅವಳದೊಂದು ತಗಡಿನ ಚಾರ್ಜಿಂಗ್ ಅಂಗಡಿ. ಮಾಡಿನ ಮೇಲೆ ಎರಡು ಸೋಲಾರ್ ಫಲಕ, ಒಳಗೊಂದು ಲಾರಿ ಬ್ಯಾಟರಿ. ಹದಿನಾಲ್ಕು ವರ್ಷದಿಂದ ದಡದವರ ಫೋನುಗಳೆಲ್ಲ ಇಲ್ಲೇ ಜೀವ ತುಂಬಿಕೊಳ್ಳುತ್ತಿದ್ದವು.

ಮೊದಲೆಲ್ಲ ಯಾವ ತಾಪತ್ರಯವೂ ಇರಲಿಲ್ಲ. ಮೀನುಗಾರರು ಫೋನಿನ ಬೆನ್ನು ಬಿಚ್ಚಿ ಬ್ಯಾಟರಿಯನ್ನಷ್ಟೇ ತೆಗೆದು, ಅದರ ಮೇಲೆ ಹೆಸರು ಗೀಚಿ ಕೊಟ್ಟು, ಫೋನನ್ನು ಜೇಬಿಗಿಳಿಸಿ ಹೋಗುತ್ತಿದ್ದರು. ಆಮೇಲೆ ಕಂಪನಿಯವರು ಬ್ಯಾಟರಿಯನ್ನು ಒಳಗೇ ಅಂಟು ಹಾಕಿ ಕೂರಿಸಿದರು. ಇಡೀ ಫೋನನ್ನೇ, ಅದರೊಳಗಿನ ಗುಟ್ಟುಗಳ ಸಮೇತ, ಬಿಟ್ಟು ಹೋಗಬೇಕಾಯಿತು.

"ತೆಳ್ಳಗೆ ಕಾಣ್ಲಿ ಅಂತ ಅಂಟು ಹಾಕ್ತಾರಂತೆ! ತೆಳ್ಳಗಿರೋದನ್ನ ಏನ್ಮಾಡ್ಲಿ, ಬಾಗಿಲ ಸಂದೀಲಿ ತೂರಿಸ್ಲಾ?" ಎಂದು ಬಂದವರೆದುರೆಲ್ಲ ಬೈಯುತ್ತಿದ್ದಳು. "ಈಗ ಡಬ್ಬೀಲಿ ಚಾರ್ಜರೂ ಇಡಲ್ಲ. ನಾಳೆ ಫೋನೂ ಇಡಲ್ಲ, ಬರೀ ಡಬ್ಬಿ ಮಾರ್ತಾರೆ ನೋಡ್ತಿರಿ."

ಹೋದ ವರ್ಷ ಒಂದು ಮನೆಯಲ್ಲಿ ಗಂಡ ಹೆಂಡಿರ ಜಗಳ ಬೀದಿಗೆ ಬಂತು. ಗಂಡನ ಫೋನಿನ ಸಂದೇಶ ಓದಿ ಹೆಂಡತಿಯ ಕಿವಿಗೆ ಊದಿದವಳು ಎನೆಲೆಸಿಯೇ ಎಂಬ ಮಾತು ಹಬ್ಬಿತು. ಅವಳು ಓದಿರಲಿಲ್ಲ, ಅವಳ ಓದು ಅಷ್ಟಕ್ಕಷ್ಟೇ. ಆದರೂ ಹದಿನೈದು ದಿನ ಒಬ್ಬರೂ ಅಂಗಡಿಯತ್ತ ಸುಳಿಯಲಿಲ್ಲ. ಆಗ ಹೆಂಗಸರ ಉಳಿತಾಯ ಸಂಘದ ಹಳೆಯ ಮರದ ಪೆಟ್ಟಿಗೆ ಕೇಳಿ ತಂದಳು. ಸಂಘದ ಪೆಟ್ಟಿಗೆಯ ಬೀಗದ ಕೈಗಳು ಯಾವತ್ತೂ ಒಬ್ಬರ ಬಳಿಯೇ ಇರುವುದಿಲ್ಲ, ಎಲ್ಲರೂ ಸೇರದೆ ಮುಚ್ಚಳ ಏಳುವುದಿಲ್ಲ. ಅದೇ ಕಟ್ಟಳೆಯನ್ನು ಫೋನುಗಳಿಗೂ ಹಾಕಿದಳು. ಒಂದು ಬೀಗದ ಕೈ ತನ್ನ ಕೊರಳಲ್ಲಿ, ಇನ್ನೊಂದು ಪಕ್ಕದಲ್ಲಿ ಮಂದಾಸಿ ಎಂಬ ಹಿಟ್ಟಿನುಂಡೆ ಕರಿಯುವ ಫಲೆಸಿಯ ಸುತ್ತುಬಟ್ಟೆಯ ಗಂಟಿನಲ್ಲಿ. ಹಿಂದಿನ ತೂತುಗಳಿಂದ ತಂತಿಗಳು ಒಳಹೋಗುತ್ತಿದ್ದವು. ಸಂಜೆ ನಾಲ್ಕಕ್ಕೆ ಇಬ್ಬರೂ ಸೇರಿ, ಎಲ್ಲರ ಕಣ್ಣೆದುರು ತೆಗೆಯುವುದು. ಹೋದ ಜನ ಮರಳಿ ಬಂದರು.

ಇನ್ನು ಅವಳ ಕೈತೂಕದ ವಿಷಯ. ಪವರ್ ಬ್ಯಾಂಕ್ ಕೊಳ್ಳುವವರು ಮೊದಲು ತಂದು ಅವಳ ಅಂಗೈಗೆ ಇಡುತ್ತಿದ್ದರು.

"ಮೇಲೆ ಚಾರ್ಜ್ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಹಿಡಿಯುತ್ತೆ ಅಂತ ಬರೀತಾರೆ. ಬರೆಯೋಕೇನು, ಮಸಿ ಇದ್ರಾಯ್ತು. ಭಾರ ನೋಡಿ. ಭಾರ ಇದ್ರೆ ಒಳಗೆ ಬ್ಯಾಟರಿ ಇದೆ, ಹಗುರ ಇದ್ರೆ ಗಾಳಿ."

ಎರಡು ವಾರದ ಹಿಂದೆ ಸಂತೆಯ ವ್ಯಾಪಾರಿಯ ಚೀಲದಿಂದ ಸಿನೋಯ ಒಂದು ಕರಿಯ ಪವರ್ ಬ್ಯಾಂಕ್ ಆರಿಸಿ ತೋರಿಸಲು ತಂದಿದ್ದ. ಅವನು ಸೈಕಲ್ ಹಿಂದೆ ಜನರನ್ನು ಕೂರಿಸಿಕೊಂಡು ಹೋಗಿ ಬದುಕುವವನು; ಫೋನ್ ಸತ್ತರೆ ಕರೆಯುವ ಗಿರಾಕಿಯೂ ಇಲ್ಲ. ಎನೆಲೆಸಿ ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ, "ಕಲ್ಲಿನ ಹಾಗಿದೆ. ಕಣ್ಮುಚ್ಚಿ ತಗೋ" ಎಂದಿದ್ದಳು. ಕೇಳಿಸಿಕೊಂಡು ನಿಂತಿದ್ದವರಲ್ಲಿ ಇನ್ನೂ ಆರು ಮಂದಿ ಅದನ್ನೇ ಕೊಂಡರು.

ಮೊನ್ನೆ ಗುರುವಾರ ಬೆಳಿಗ್ಗೆ ಫಲೆಸಿ ಪೆಟ್ಟಿಗೆಗೆ ತನ್ನ ಬೀಗ ಹಾಕಿ, ನೆಂಟರೊಬ್ಬರ ಮಣ್ಣಿಗೆಂದು ಪಕ್ಕದ ಹಳ್ಳಿಗೆ ಹೋದಳು. ನಾಲ್ಕರೊಳಗೆ ಬರುತ್ತೇನೆ ಎಂದಿದ್ದಳು. ಅವಳ ಗಂಟಿನ ಜೊತೆ ಬೀಗದ ಕೈಯೂ ಹೋಯಿತು.

ಮಧ್ಯಾಹ್ನ ತಗಡು ಕಾದು ಚುರುಗುಡುವ ಹೊತ್ತಿಗೆ ಎನೆಲೆಸಿಯ ಮೂಗಿಗೊಂದು ವಾಸನೆ ಬಡಿಯಿತು. ಬಣ್ಣದಂಗಡಿಯಲ್ಲಿ ಬರುವಂಥ ಸಿಹಿ ಕಮಟು. ಮುಚ್ಚಳದ ಮೇಲೆ ಕೈಯಿಟ್ಟಳು. ಸುಟ್ಟಿತು.

ತಂತಿಗಳನ್ನೆಲ್ಲ ಕಿತ್ತೆಸೆದಳು. ಬಿಸಿ ಇಳಿಯಲಿಲ್ಲ. ಒಳಗೆ ಏನೋ ಚಟಚಟ ಎನ್ನುತ್ತಿತ್ತು. ತನ್ನ ಬೀಗ ತೆಗೆದಳು. ಫಲೆಸಿಯ ಬೀಗ ಬಿಗಿಯಾಗಿ ಕೂತಿತ್ತು. ಫೋನ್ ಮಾಡೋಣವೆಂದರೆ ಫಲೆಸಿಯ ಫೋನೂ ಪೆಟ್ಟಿಗೆಯೊಳಗೇ.

ಎನೆಲೆಸಿ ಫಲೆಸಿಯ ಒಲೆಯ ಬಳಿಯಿಂದ ಸೌದೆ ಕೊಡಲಿ ಎತ್ತಿ ತಂದಳು. ಬಲೆ ಹೆಣೆಯುತ್ತಿದ್ದ ಮುದುಕ ಬಿಜಿವೆಕಿ ಕೂತಲ್ಲಿಂದಲೇ ಕೂಗಿದ.

"ಏಯ್, ಮುಟ್ಬೇಡ! ಫಲೆಸಿ ಬರ್ಲಿ!"

"ಅಜ್ಜಾ, ಒಳಗೆ ಬೆಂಕಿ ಹತ್ತುತ್ತಿದೆ!"

"ಹತ್ತಲಿ. ಒಬ್ಬಳೇ ಒಡೆದ್ರೆ ನಾಳೆ ಊರು ಏನನ್ನುತ್ತೆ? ಹೋದ ವರ್ಷದ್ದು ಮರ್ತ್ಯಾ?"

ಅವಳು ಮರೆತಿರಲಿಲ್ಲ. ಆ ಹದಿನೈದು ದಿನ, ಬೆನ್ನ ಹಿಂದಿನ ಆ ಪಿಸುಮಾತು, ಎಲ್ಲವೂ ನೆನಪಿತ್ತು. ಹಿಂದಿನ ತೂತಿನಿಂದ ಬಿಳಿ ಹೊಗೆಯ ಎಳೆಯೊಂದು ಹೊರಬಂತು.

"ಅನ್ನೋರು ಅನ್ಲಿ. ನೀನೇ ಸಾಕ್ಷಿ, ಬಂದು ನೋಡು!" ಎಂದವಳೇ ಕೊಂಡಿಗೆ ಬೀಸಿದಳು. ಮೂರನೆಯ ಏಟಿಗೆ ಮುಚ್ಚಳ ಸೀಳಿತು.

ಹೊಗೆ ಮುಖಕ್ಕೆ ನುಗ್ಗಿತು. ಕೆಮ್ಮುತ್ತಲೇ ಬರಿಗೈಯಲ್ಲಿ ಫೋನುಗಳನ್ನು ಬಾಚಿ ಬಾಚಿ ಹೊರಗೆ ಮರಳಿಗೆ ಹಾಕಿದಳು. ಆ ಗಡಿಬಿಡಿಯಲ್ಲೂ ಒಂದೊಂದನ್ನೂ ಪರದೆ ಕಾಣದಂತೆ ಮುಖ ಕೆಳಗೆ ಮಾಡಿಯೇ ಇಟ್ಟಳು. ಮೂಲೆಯಲ್ಲಿ, ಚಾರ್ಜಿಗೆ ಬಂದಿದ್ದ ಆ ಕರಿಯ ಪವರ್ ಬ್ಯಾಂಕ್ ಉಬ್ಬಿ, ಬುಸುಗುಟ್ಟುತ್ತಾ ಉರಿಯುತ್ತಿತ್ತು. ಫಲೆಸಿಯ ಜಾಲರಿ ಸೌಟಿನಿಂದ ಎತ್ತಿ ದೂರಕ್ಕೆಸೆದಳು. ಬಿಜಿವೆಕಿ ಬಲೆ ಬಿಟ್ಟು ಓಡಿ ಬಂದು ಅದರ ಮೇಲೆ ಮರಳು ಸುರಿದ.

ಮೂರು ಫೋನು ಹಾಳಾಗಿದ್ದವು, ಇಪ್ಪತ್ತು ಉಳಿದಿದ್ದವು. ಎನೆಲೆಸಿಯ ಬಲ ಅಂಗೈಯ ಚರ್ಮ ಸುಲಿದಿತ್ತು. ಸುದ್ದಿ ಹಬ್ಬಿ ಅರ್ಧ ತಾಸಿನಲ್ಲಿ ಜನ ಸೇರಿದರು. ಅವಳನ್ನು ಯಾರೂ ಅನುಮಾನಿಸಲಿಲ್ಲ, ಹೊಗಳಿದ್ದೇ ಹೊಗಳಿದ್ದು.

"ಯಾರದ್ದಪ್ಪಾ ಆ ಬೆಂಕಿ ಡಬ್ಬಿ?" ಎಂದು ಯಾರೋ ಕೇಳಿದರು.

ಸಿನೋಯ ಸೈಕಲ್ ನಿಲ್ಲಿಸಿ ತಲೆ ತಗ್ಗಿಸಿದ. "ನಂದು."

"ಸೋವಿ ಸಿಗುತ್ತೆ ಅಂತ ಕಂಡಕಂಡ ಕಚಡಾ ತಂದು ನಮ್ಮ ಫೋನು ಸುಟ್ಯಲ್ಲೋ! ಇನ್ನು ನಿನ್ ಸೈಕಲ್ ಯಾರು ಹತ್ತುತ್ತಾರೆ ನೋಡೋಣ!"

ಸಿನೋಯ ಎನೆಲೆಸಿಯ ಕಡೆ ಒಮ್ಮೆ ನೋಡಿದ. ತಗೋ ಅಂದವಳು ಇವಳೇ ಎಂದು ಅವನು ಹೇಳಿಬಿಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಈ ಹೊಗಳಿಕೆ, ಈ ಗಿರಾಕಿಗಳು, ಹದಿನಾಲ್ಕು ವರ್ಷದ ಹೆಸರು ಎಲ್ಲ ಅವಳದೇ. ಅವನು ಹೇಗೋ ಬದುಕಿಕೊಳ್ಳುತ್ತಾನೆ. ಹಾಗಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎಡಗೈಯಲ್ಲಿ ಚಾಕು ಹಿಡಿದು, ಮರಳಿನಲ್ಲಿ ತಣಿದ ಆ ಕರಿಯ ಚಿಪ್ಪನ್ನು ಮೀಟಿ ಬಿಚ್ಚಿದಳು. ಬೆರಳ ಗಾತ್ರದ ಒಂದೇ ಒಂದು ಸುಟ್ಟ ಬ್ಯಾಟರಿ. ಉಳಿದ ಜಾಗಕ್ಕೆಲ್ಲ ಅಂಟು ಹಾಕಿ ಕೂರಿಸಿದ್ದ ಕಬ್ಬಿಣದ ದಪ್ಪ ಬಿಲ್ಲೆ.

ಬಿಲ್ಲೆಯನ್ನು ಎತ್ತಿ ಜನರಿಗೆಲ್ಲ ತೋರಿಸಿದಳು.

"ಭಾರ ನೋಡಿ ಕೊಳ್ಳೋ ದಡ್ಡಿ ಒಬ್ಬಳು ಇರ್ತಾಳೆ ಅಂತ ಇದನ್ನ ಮಾಡ್ದೋನಿಗೆ ಗೊತ್ತಿತ್ತು. ನನಗೇ ಟೋಪಿ ಹಾಕ್ದ" ಎಂದಳು ಎನೆಲೆಸಿ. "ಸಿನೋಯನ್ನ ಬೈಬೇಡಿ. ಅವನು ನನ್ನ ಕೇಳಿದ್ದ. ತಗೋ ಅಂದದ್ದು ನಾನು. ನನ್ನ ಮಾತು ಕೇಳಿ ಇದನ್ನ ಕೊಂಡಿರೋರು ಈಗ್ಲೇ ಓಡಿ, ತಂದು ಇಲ್ಲಿ ಮರಳ ಮೇಲಿಡಿ. ಮಕ್ಕಳು ಮಲಗೋ ಹತ್ರ ಇಟ್ಟಿದ್ದೀರೇನೋ, ಓಡಿ!"

ದಡದ ಮೇಲೆ ನಾಲ್ಕೂ ಕಡೆಗೆ ಜನ ಓಡಿದರು. ಹೊಗಳಿದವರಲ್ಲಿ ಇಬ್ಬರು ಅವಳ ಮುಖ ನೋಡದೆ ತಮ್ಮ ಫೋನು ಎತ್ತಿಕೊಂಡು ನಡೆದರು.

ಫಲೆಸಿ ಬಂದಾಗ ಮೂರೂವರೆ. ಗಂಟು ಬಿಚ್ಚುತ್ತಲೇ ಬಂದವಳು, ಸೀಳಿದ ಪೆಟ್ಟಿಗೆ ನೋಡಿ, ಬೀಗದ ಕೈ ಹಿಡಿದುಕೊಂಡೇ ನಿಂತುಬಿಟ್ಟಳು.

"ಹತ್ತು ಅಕ್ಕಾ, ಆಸ್ಪತ್ರೆಗೆ ಬಿಡ್ತೀನಿ" ಎಂದು ಸಿನೋಯ ಸೈಕಲ್ ಮುಂದಕ್ಕೆ ತಂದ. ಎನೆಲೆಸಿ ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಹಿಂದೆ ಕೂತಳು. ಮರಳ ಮೇಲೆ ಐದು ಪವರ್ ಬ್ಯಾಂಕು ಬಂದಿದ್ದವು. ಆರನೆಯದನ್ನು ಹಿಡಿದು ಮೀನು ಒಣಗಿಸುವ ದೋರಿಕಾ ಏದುಸಿರು ಬಿಡುತ್ತಾ ಓಡಿ ಬಂದಳು.

"ಅಕ್ಕಾ, ನಂದು ಚೆನ್ನಾಗೇ ಇದೆ ಅನ್ನಿಸುತ್ತೆ. ಇನ್ನೊಂದ್ಸಲ ಕೈಯಲ್ಲಿ ಹಿಡ್ದು ನೋಡು."

ಅಭ್ಯಾಸ ನೋಡಿ, ಸುತ್ತಿದ ಕೈಯೇ ಮುಂದೆ ಹೋಯಿತು. ಎನೆಲೆಸಿ ಅದನ್ನು ಹಿಂದಕ್ಕೆಳೆದುಕೊಂಡಳು.

"ನನ್ನ ಕೈಗೆ ಏನೂ ಗೊತ್ತಾಗಲ್ಲ ತಂಗಿ. ಅಲ್ಲಿ ಮರಳ ಮೇಲಿಡು."