ಮಡಿಲಲ್ಲಿ ಹತ್ತು ಕಿಲೋ ಅಕ್ಕಿ

ನಮ್ಮ ಪಿಕಪ್ ಗಾಡಿಯ ಎತ್ತರ ಸರಿಮಾಡುವ ದಿನ ನನಗೂ ಒಂದು ಕೆಲಸವಿರುತ್ತಿತ್ತು. ಮಡಿಲಲ್ಲಿ ಹತ್ತು ಕಿಲೋ ಅಕ್ಕಿ ಚೀಲ ಇಟ್ಟುಕೊಂಡು ಡ್ರೈವರ್ ಸೀಟಿನಲ್ಲಿ ಅಲ್ಲಾಡದೆ ಕೂರುವುದು.

ನಮ್ಮ ಯಜಮಾನರು ರೈಲ್ವೆ ಕಾರ್ಖಾನೆಯ ಕೆಲಸ ಬಿಟ್ಟು ಆ ಹಳೇ ಗಾಡಿ ತಗೊಂಡಿದ್ದರು. ಅಂಬತ್ತೂರಿನಿಂದ ಗಿಂಡಿಯ ಕಾರ್ಖಾನೆಗಳಿಗೆ ಕಬ್ಬಿಣದ ಬಿಡಿಭಾಗ ಸಾಗಿಸುತ್ತಿದ್ದರು. ಅದರ ಸ್ವಂತ ಸ್ಪ್ರಿಂಗುಗಳು ಕುಗ್ಗಿಹೋದ ಮೇಲೆ ಮುಂದಿನ ಎರಡು ಚಕ್ರಕ್ಕೂ ಹೊರಗಡೆಯಿಂದ ಬೇರೆ ತಂದು ತಾವೇ ಕೂರಿಸಿದರು. ಅವುಗಳ ಬುಡದಲ್ಲಿ ದಪ್ಪ ಬಳೆಯಂಥ ಒಂದು ರಿಂಗು. ಕೊಕ್ಕೆ ಸ್ಪ್ಯಾನರ್ ಹಾಕಿ ಮೇಲಕ್ಕೆ ತಿರುಗಿಸಿದರೆ ಗಾಡಿಯ ಆ ಬದಿ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಜಾಕ್ ಇಳಿಸಿದ ಕೂಡಲೇ ಅಳೆಯುವ ಹಾಗಿಲ್ಲ. ಅಂಗಳದ ಕೊಡಗಳನ್ನೆಲ್ಲ ಸರಿಸಿ, ಗಾಡಿಯನ್ನು ನಾಲ್ಕು ಸಲ ಹಿಂದೆ ಮುಂದೆ ತಳ್ಳಿ, ಸ್ಪ್ರಿಂಗ್ ತಳ ಊರಿದ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯಬೇಕು.

ಓಡಿಸುವವನ ತೂಕ ಬಲಗಡೆ ಬೀಳುತ್ತದಲ್ಲ, ಅದನ್ನೂ ಸೇರಿಸಿಯೇ ಅಳೆಯಬೇಕು ಎನ್ನುವುದು ಅವರ ಕಾರ್ಖಾನೆ ಬುದ್ಧಿ. ಅವರು ಅರವತ್ತೆಂಟು ಕಿಲೋ, ನಾನು ಐವತ್ತೆಂಟು. ಉಳಿದದ್ದಕ್ಕೆ ಅಕ್ಕಿ.

"ಎನ್ನಕ್ಕಾ, ಲೈಸೆನ್ಸ್ ವಂದಾಚ್ಚಾ?" ಎಂದು ಎದುರುಮನೆಯ ತಮಿಳಾಕೆ ಕಾಂಪೌಂಡಿನ ಆಚೆಯಿಂದ ನಗುತ್ತಿದ್ದಳು. "ಬಂತು, ಅಕ್ಕಿ ಹೊರೋ ಲೈಸೆನ್ಸು," ಎನ್ನುತ್ತಿದ್ದೆ ನಾನು.

ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಊಟ ಸೇರದಾಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡರು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಬರೀ ಗ್ಯಾಸ್ಟ್ರಿಕ್ಕು ಕಣೇ, ಮೊಸರನ್ನ ಹಾಕು," ಎನ್ನುವರು. ಅದರ ಬದಲು ಗಾಡಿಯ ಮೇಲೆ ದೂರು. ಮನೆಯಲ್ಲಿ ಎರಡೂ ಬದಿ ಸಮ ಬರುತ್ತೆ, ರಸ್ತೆಗಿಳಿದರೆ ಬಲಗಡೆ ಎದ್ದ ಹಾಗಿರುತ್ತೆ ಅಂತ. ಸ್ಪ್ರಿಂಗ್ ಮಾರಿದವನನ್ನು ಬೈದರು. ಮೂರು ಭಾನುವಾರ ಬಿಚ್ಚಿದರು, ಅಳೆದರು. ನಾನೂ ಅಕ್ಕಿಯೂ ಕೂತಾಗ ಸರಿಯಾಗಿಯೇ ಇರುತ್ತಿತ್ತು.

ನಾಲ್ಕನೇ ಭಾನುವಾರ ನನ್ನ ಮಂಡಿ ಹಿಡಿದುಕೊಂಡಿತ್ತು. "ಇವತ್ತು ನೀವೇ ಹತ್ತಿ ರೀ, ನಾನು ಅಳೀತೀನಿ," ಎಂದೆ. ಎಡಗಡೆ ಎಂದಿನಂತೆ. ಬಲಗಡೆ ಒಂದು ನೂಲು ಹೆಚ್ಚು, ಅಂದರೆ ಇಂಚಿನಲ್ಲಿ ಎಂಟನೇ ಪಾಲು.

"ಟೇಪು ನೆಟ್ಟಗೆ ಹಿಡಿಯೇ."

"ನೆಟ್ಟಗೇ ಇದೆ."

ಅವರು ಇಳಿದರು. ಮಂಡಿ ನೋವಿನಲ್ಲೇ ನಾನು ಹತ್ತಿ, ಅಕ್ಕಿ ಇಟ್ಟುಕೊಂಡು ಕೂತೆ. ಸಮ. ಅವರು ಇನ್ನೊಮ್ಮೆ ಟೇಪು ಹಿಡಿದು ನೋಡಿದರು. ಆಮೇಲೆ ಎದ್ದು ಬಂದು ನನ್ನ ಮಡಿಲಿನಿಂದ ಚೀಲ ಎತ್ತಿ ಕೆಳಗಿಟ್ಟರು. ಮತ್ತೆ ಅಳೆದರು.

ಒಂದು ನೂಲು ಹೆಚ್ಚು.

ಅವರ ಮೈಯಿಂದ ಹತ್ತು ಕಿಲೋ ಕಣ್ಣೆದುರಿಗೇ ಇಳಿದುಹೋಗಿತ್ತು. ದಿನಾ ತಟ್ಟೆ ಇಡುವ ನನಗೆ ಕಂಡಿರಲಿಲ್ಲ.

"ರೀ, ಸಾಕು ಬಿಡಿ. ನಾಳೆ ಆಸ್ಪತ್ರೆಗೆ ಹೋಗೋಣ."

"ಹೋಗೋಣ," ಎಂದರು, ಮೊದಲ ಸಲ. "ಇದೊಂದು ಮುಗಿಸ್ತೀನಿ, ತಾಳು." ಜಾಕ್ ಏರಿಸಿ, ಬಲಗಡೆಯ ರಿಂಗನ್ನು ಕೆಳಕ್ಕೆ ತಿರುಗಿಸಿ, ತಮ್ಮ ಹೊಸ ತೂಕಕ್ಕೆ ಗಾಡಿಯನ್ನು ಸರಿಮಾಡಿದರು. ಅಳೆಯುವಾಗ ನಾನು ಮಡಿಲಲ್ಲಿ ಅಕ್ಕಿಯಿಲ್ಲದೆ ಕೂತಿದ್ದೆ.

ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಬಂದದ್ದು ತಡವಾಯಿತು ಎಂದರು. ಮತ್ತೆ ಎಂಟು ತಿಂಗಳು ಇದ್ದರು. ಗಾಡಿ ತೆಗೆಯಲಿಲ್ಲ.

ಅವರು ಹೋದ ಮೇಲೆ ಅಂಬತ್ತೂರಿನವರೊಬ್ಬರು ಅದನ್ನು ಕೊಳ್ಳಲು ಬಂದರು. ಸ್ಥೂಲ ದೇಹ. ಅವರು ಹತ್ತಿ ಕೂತ ಕೂಡಲೇ ಬಲಗಡೆ ಕೆಳಕ್ಕೆ ಕುಸಿಯಿತು.

"ಸ್ಪ್ರಿಂಗ್ ವೀಕಾ, ಅಮ್ಮಾ?"

"ಇಲ್ಲ, ಚೆನ್ನಾಗಿದೆ. ರಿಂಗನ್ನ ಮೇಲಕ್ಕೆ ತಿರುಗಿಸಿ, ನಿಮ್ಮ ತೂಕಕ್ಕೆ ಸರಿಹೋಗುತ್ತೆ," ಎಂದು ಕೊಕ್ಕೆ ಸ್ಪ್ಯಾನರನ್ನು ಒರೆಸಿ ಅವರ ಕೈಗೆ ಕೊಟ್ಟೆ.