ಬರಿ ಅಡಿಗಲ್ಲಿನ ಮೇಲೊಂದು ಏಟು

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟುವುದಾಗಿದ್ದರೆ ಇನ್ನೂ ಚೆಂದ ಕಟ್ಟುತ್ತಿದ್ದೆ. ಕಥೆ ಹೇಳುವುದನ್ನು ನಮ್ಮಜ್ಜಿಯ ಮಗ್ಗುಲಲ್ಲಿ ಮಲಗಿ ಕಲಿತವನು ನಾನು. ದೆವ್ವ ಬಂದರೆ ಅದಕ್ಕೊಂದು ಹೆಸರಿರಬೇಕು, ಬಂದದ್ದಕ್ಕೊಂದು ಕಾರಣವಿರಬೇಕು, ಹೋಗುವಾಗ ಬೇವಿನ ಟೊಂಗೆಯನ್ನಾದರೂ ಮುರಿದು ಹೋಗಬೇಕು ಎಂಬುದು ನನಗೂ ಗೊತ್ತು. ಇದರಲ್ಲಿ ಅಂಥದ್ದೇನೂ ಇಲ್ಲ. ಒಂದು ಸಪ್ಪಳ ಇದೆ, ಅಷ್ಟೇ. ಅದನ್ನು ನನ್ನ ಈ ಕಿವಿಗಳೇ ಕೇಳಿವೆ.

ರಾಯಚೂರಿನಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ. ಅದು ಹೊಟ್ಟೆಗೆ. ಜೀವಕ್ಕೆ ಬೇರೆಯೇ ಒಂದು ಹುಚ್ಚಿದೆ. ಹಳೆಯ ಕೈಸಾಮಾನು ಎಲ್ಲಿ ಕಂಡರೂ ನಾನು ಬಿಡುವವನಲ್ಲ. ಬಡಿಗರ ಬಾಚಿ, ಹಗ್ಗ ಸುತ್ತಿ ತಿರುಗಿಸುವ ಬೈರಿಗೆ, ಕಾಲಿನಿಂದ ತುಳಿದು ಓಡಿಸುವ ಲೇತು... ಮನೆಯ ಹಿಂದಿನ ಕೋಣೆ ತುಂಬಿ ಹೋಗಿದೆ. ತುಕ್ಕು ತಿಕ್ಕುತ್ತ ಕುಳಿತೆನೆಂದರೆ ಊಟದ ನೆನಪೂ ಆಗುವುದಿಲ್ಲ. "ಮಂದಿ ಮನಿಗಿ ಲಕ್ಷ್ಮಿ ಬರ್ತಾಳ, ನಮ್ಮ ಮನಿಗಿ ತುಕ್ಕು ಬರ್ತದ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಆ ಬೈರಿಗೆಯನ್ನು ನನಗೆ ಕೊಟ್ಟವಳು ದೇವದುರ್ಗದ ಈರಮ್ಮ. ಅವಳ ಗಂಡ ಅಲ್ಲಿ ಬಾಗಿಲು-ಕಿಟಕಿ ಮಾಡುವ ಬಡಿಗ. ಒಂದು ದಿನ ಅವಳ ಫೋನು ಬಂತು.

"ಕಾಕಾ, ನಮ್ಮಪ್ಪನ ಕುಲುಮಿ ಸಾಮಾನು ಅದಾವಲ್ಲ, ಅಡಿಗಲ್ಲು, ಗಾಳಿ ಚಕ್ರ... ಎಲ್ಲಾ ಒಯ್ದುಬಿಡ್ರಿ."

"ಯಾಕವ್ವಾ, ಇಷ್ಟು ಅವಸರ?"

"ಬರ್ರಿ, ಬಂದ ಮ್ಯಾಲ ಹೇಳ್ತೀನಿ. ನಮ್ಮವ್ವನ ಜೀವದ ಮಾತದ."

ಅವಳ ತಂದೆ ಮಾನಪ್ಪ ಕಮ್ಮಾರ. ಮಾನ್ವಿ ತಾಲ್ಲೂಕಿನಲ್ಲಿ, ಬಾಗಲವಾಡದಿಂದ ಸ್ವಲ್ಪ ಒಳಗೆ ಅವನ ಊರು. ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಈರಮ್ಮ ಆಗಿನಿಂದ ತಾಯಿಯ ಜೊತೆ ಅಲ್ಲೇ ಇದ್ದಳು.

ನಾನು ಹೋದಾಗ ಹೊತ್ತು ಇಳಿಯುತ್ತಿತ್ತು. ಮನೆಯ ಪಕ್ಕದಲ್ಲೇ ಕುಲುಮೆ. ಮೇಲೆ ತಗಡು, ಸುತ್ತ ತಟ್ಟಿ. ಒಳಗೆ ಕಾಲಿಟ್ಟವನು ಬಾಯಿ ತೆರೆದು ನಿಂತುಬಿಟ್ಟೆ. ಕೈಯಿಂದ ತಿರುಗಿಸಿ ಬೆಂಕಿಗೆ ಗಾಳಿ ಊದುವ ಬೀಡುಕಬ್ಬಿಣದ ಚಕ್ರ, ಅದರ ಹಿಡಿಕೆ ಬೆಳ್ಳಿಯ ಹಾಗೆ ನುಣುಪಾಗಿತ್ತು. ನಡುವೆ ಅಡಿಗಲ್ಲು. ಕಲ್ಲೆಂದರೆ ಕಲ್ಲಲ್ಲ, ಕುಳಿತ ಕರುವಿನಷ್ಟು ದೊಡ್ಡ ಉಕ್ಕಿನ ತುಂಡು. ಅದರ ಮೇಲೆ ಅರ್ಧ ಬಡಿದ ಒಂದು ನೇಗಿಲ ಕುಳ ಹಾಗೆಯೇ ಬಿದ್ದಿತ್ತು.

"ಇದನ್ನ ಒಯ್ದು ಏನು ಮಾಡ್ತೀಯಪಾ? ಉಪ್ಪಿನಕಾಯಿ ಹಾಕ್ತಿಯೇನು?"

ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಒಬ್ಬ ಮುದುಕಿ. ಈರಮ್ಮನ ತಾಯಿ ಕಾಳಮ್ಮ. ಮೈಯೆಲ್ಲ ಬಡಕಲು. ತೋಳು ಮಾತ್ರ ಗಂಡಸಿನವು.

"ಒರಸಿ ಸಾಲಾಗಿ ಇಡ್ತೀನಿ ಯವ್ವಾ. ಬಂದವರು ನೋಡ್ತಾರ."

"ನೋಡಾಕ?" ಮುದುಕಿ ನಕ್ಕಳು. "ಲೇ ತಮ್ಮಾ, ಕಬ್ಬಿಣ ನೋಡಾಕಲ್ಲ, ಬಡಿಯಾಕ. ನೋಡಾಕ ಬೇಕಾದ್ರ ಹೆಂಡ್ತಿ ಮಕಾ ನೋಡು."

ಇಷ್ಟು ಚುರುಕು ಮುದುಕಿಯ ಜೀವಕ್ಕೆ ಏನಾಗಿದೆ ಎಂದುಕೊಂಡೆ. ರೊಟ್ಟಿ ಉಂಡು ಅವಳು ಒಳಗೆ ಮಲಗಿದ ಮೇಲೆ ಈರಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ದನಿ ತಗ್ಗಿಸಿದಳು.

"ಕಾಕಾ, ಅವ್ವ ರಾತ್ರಿ ನಿದ್ದಿಗಣ್ಣಾಗ ಎದ್ದು ಹೋಗಿ ಸಮ್ಮಟಿ ಹೊಡಿಯಾಕತ್ತಾಳ. ತಣ್ಣನ ಕುಳದ ಮ್ಯಾಲ. ಬೆವರು ಇಳೀತದ, ಉಸಿರು ಸಿಗಂಗಿಲ್ಲ. ಆಕಿ ಎದಿ ಸೋತದ, ನೀರಿನ ಕೊಡಾ ಸುದ್ದಾ ಎತ್ತಬಾರದು ಅಂತ ರಾಯಚೂರಾಗ ಡಾಕ್ಟರ್ ಹೇಳ್ಯಾರ. ಹಿಂಗಾ ನಡದ್ರ ಒಂದು ರಾತ್ರಿ ಅಲ್ಲೇ ಬಿದ್ದು ಹೋಗ್ತಾಳ."

"ಕುಲುಮಿಗಿ ಬೀಗ ಹಾಕವ್ವಾ."

"ಹಾಕಿದ್ದೆ. ಕದಕ್ಕ ಹಣಿ ಬಡಕೊಂಡ್ಳು."

ಇಲ್ಲಿ ಕುಲುಮೆಯ ಒಂದು ರಿವಾಜು ಹೇಳಬೇಕು. ನಮ್ಮ ಕಡೆ ಕಮ್ಮಾರನ ಎದುರು ಸಮ್ಮಟಿ, ಅಂದರೆ ಎರಡೂ ಕೈಯಿಂದ ಎತ್ತುವ ದೊಡ್ಡ ಸುತ್ತಿಗೆ, ಹಿಡಿದು ನಿಲ್ಲುವವಳು ಅವನ ಹೆಂಡತಿ. ಆ ಸಪ್ಪಳದಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಗಂಡನ ಕೈಯ ಸಣ್ಣ ಸುತ್ತಿಗೆಯೇ ಮಾತಾಡುತ್ತದೆ. ಅದು ಕಾದ ಕಬ್ಬಿಣದ ಮೇಲೆ ಎಲ್ಲಿ ತಟ್ಟುತ್ತದೋ ಅಲ್ಲೇ ಹೆಂಡತಿಯ ಸಮ್ಮಟಿ ಬೀಳಬೇಕು. ಸುತ್ತಿಗೆ ಕಬ್ಬಿಣವನ್ನು ಬಿಟ್ಟು ಬರಿ ಅಡಿಗಲ್ಲಿನ ಮೇಲೆ ಒಂದು ಏಟು ಹಾಕಿದರೆ, ನಿಲ್ಲು ಎಂದರ್ಥ. ಅಲ್ಲಿಯವರೆಗೆ ಸಮ್ಮಟಿಯವಳು ನಿಲ್ಲುವಂತಿಲ್ಲ.

"ಅಪ್ಪ ಆ ದಿನ ಕುಳಾ ಬಡಿಯಾಕತ್ತಿದ್ದ. ನಡುವ ಕುಸುದು ಬಿದ್ದ," ಈರಮ್ಮನ ಕಣ್ಣು ತುಂಬಿತು. "ಬರಿ ಕಲ್ಲಿಗಿ ಬಡೀಲೇ ಇಲ್ಲ ಕಾಕಾ. ಅವ್ವಗ ಯಾರೂ ನಿಲ್ಲು ಅಂದಿಲ್ಲ."

ಅವಳು ಇನ್ನೂ ಹತ್ತಿರ ಬಂದಳು.

"ಇನ್ನೊಂದು ಅದ. ಹ್ಯಾಂಗ ಹೇಳ್ಲಿ... ಅವ್ವನ ಕೈಯಾಗ ಬರೇ ಸಮ್ಮಟಿ ಇರ್ತದ. ಆದ್ರ ಸಪ್ಪಳ ಎರಡು ಬರ್ತಾವ."

ಅಡುಗೆಮನೆಯ ದೀಪದಲ್ಲಿ ಅವಳ ಮುಖ ನೋಡಿದೆ. ತಮಾಷೆಯಲ್ಲ.

ಸೆರಗಿನ ಕೆಳಗಿನಿಂದ ಅವಳು ಮಾನಪ್ಪನ ಸಣ್ಣ ಸುತ್ತಿಗೆಯನ್ನು ತೆಗೆದು ನನ್ನ ಕೈಗಿಟ್ಟಳು. "ಟೆಂಪೋ ಮುಂಜಾನಿ ಬರ್ತದ. ಇದನ್ನ ಈಗಿಂದಾನೇ ನೀವು ಇಟ್ಟಕೋರಿ. ಇದು ಕುಲುಮ್ಯಾಗ ಇಲ್ಲಂದ್ರ ಆ ಸಣ್ಣ ಸಪ್ಪಳ ಎಲ್ಲಿಂದ ಬಂದೀತು? ಅದು ನಿಂತ್ರ ಅವ್ವನೂ ನಿಲ್ತಾಳ."

ಮಾತು ಸರಿ ಎನಿಸಿತು. ಸುತ್ತಿಗೆಯನ್ನು ಚೀಲದೊಳಗಿಟ್ಟು, ಚೀಲವನ್ನೇ ತಲೆದಿಂಬು ಮಾಡಿಕೊಂಡು ಹೊರಗೆ ಕಟ್ಟೆಯ ಮೇಲೆ ಮಲಗಿದೆ. ಗದ್ದೆಯ ಕಡೆಯಿಂದ ಕಪ್ಪೆಗಳ ವಟಗುಟ್ಟುವಿಕೆ. ಯಾವಾಗ ಕಣ್ಣು ಹತ್ತಿತೋ...

ಎಚ್ಚರವಾದದ್ದು ವಾಸನೆಗೆ.

ಇದ್ದಿಲ ವಾಸನೆ. ಕಾದ ಕಬ್ಬಿಣವನ್ನು ನೀರಲ್ಲಿ ಅದ್ದಿದಾಗ ಏಳುತ್ತದಲ್ಲ, ಆ ಘಾಟು ಹಬೆ. ಕಪ್ಪೆಗಳು ಸುಮ್ಮನಾಗಿದ್ದವು. ಆಮೇಲೆ ಕೇಳಿಸಿತು.

ಟಿಣ್... ಧಡ್.

ಟಿಣ್... ಧಡ್.

ಕೈ ತಾನಾಗಿ ಚೀಲದೊಳಗೆ ಹೋಯಿತು. ಸುತ್ತಿಗೆ ಅಲ್ಲೇ ಇತ್ತು. ಹಿಡಿದುಕೊಂಡೆ. ನನ್ನ ಮುಷ್ಟಿಯೊಳಗೆ ಅದು ಅಲುಗಾಡದೆ ಇದ್ದಾಗಲೇ ಮತ್ತೆ ಬಂತು. ಟಿಣ್...

ಸುತ್ತಿಗೆ ಹಿಡಿದುಕೊಂಡೇ ಎದ್ದು ಕುಲುಮೆಯ ಕಡೆ ಹೋದೆ.

ಕುಲುಮೆಯ ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ಬೀದಿ ಕಂಬದ ಬೆಳಕು ತಟ್ಟಿಯ ಸಂದಿನಿಂದ ಗೆರೆಗೆರೆಯಾಗಿ ಒಳಗೆ ಬಿದ್ದಿತ್ತು. ಆ ಗೆರೆಗಳ ನಡುವೆ ಕಾಳಮ್ಮ, ಸೀರೆ ಕಚ್ಚೆ ಕಟ್ಟಿ, ಸಮ್ಮಟಿಯನ್ನು ತಲೆಯ ಮೇಲಕ್ಕೆತ್ತಿದ್ದಳು. ಕಣ್ಣು ತೆರೆದಿದ್ದವು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಅಡಿಗಲ್ಲಿನ ಆಚೆ, ಗಂಡಸು ಕೂರುವ ಜಾಗದ ಮೇಲೆಯೇ ಇದ್ದವು. ಅಲ್ಲಿ ಯಾರೂ ಇರಲಿಲ್ಲ. ಒಲೆಯಲ್ಲಿ ಬೆಂಕಿಯೂ ಇರಲಿಲ್ಲ.

ಟಿಣ್. ಕುಳದ ತುದಿಯಲ್ಲಿ. ಸಮ್ಮಟಿ ಅಲ್ಲೇ ಬಿತ್ತು.

ಟಿಣ್. ಈ ಸಲ ನಡುವೆ. ಸಮ್ಮಟಿ ನಡುವೆ ಬಿತ್ತು.

ಮುದುಕಿ ಸುಮ್ಮನೆ ಬಡಿಯುತ್ತಿರಲಿಲ್ಲ. ಹೇಳಿದಲ್ಲಿ ಬಡಿಯುತ್ತಿದ್ದಳು.

ಅವಳ ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. "ಹಿಡಿಯೋಣೇನವ್ವಾ?" ಎಂದೆ. "ಬ್ಯಾಡ್ರಿ! ಸಮ್ಮಟಿ ಎತ್ತಿದಾಗ ಮುಟ್ಟಬಾರದು. ಯಾರರ ತಲಿ ಮ್ಯಾಲ ಬೀಳ್ತದ." ಈರಮ್ಮನ ಕಣ್ಣು ನನ್ನ ಕೈಯ ಸುತ್ತಿಗೆಯ ಮೇಲೆ ಬಿತ್ತು. ಮುಖ ಬಿಳಚಿಕೊಂಡಿತು.

"ಅಯ್ಯಯ್ಯೋ ಕಾಕಾ... ಎಂಥ ಕೆಲಸ ಮಾಡಿಬಿಟ್ಟೆ ನಾ! ಬಡಿ ಅನ್ನಾಕ ಅಪ್ಪಗ ಸುತ್ತಿಗಿ ಬೇಕಾಗಿಲ್ಲ. ನಿಲ್ಲು ಅನ್ನಾಕ ಬೇಕಾಗಿತ್ತೋ ಏನೋ! ಅದನ್ನೇ ಕಸಗೊಂಡು ನಿಮಗ ಕೊಟ್ಟೀನಿ!"

ಸುತ್ತಿಗೆಯನ್ನು ನನ್ನಿಂದ ಕಿತ್ತುಕೊಂಡು ಒಳಗೆ ನುಗ್ಗಿದಳು. ಸಮ್ಮಟಿ ಮೇಲೇಳುವ ಹೊತ್ತು ನೋಡಿ, ಬರಿ ಅಡಿಗಲ್ಲಿನ ಮೇಲೆ ಒಂದು ಏಟು ಹಾಕಿದಳು. ಖಣ್ ಎಂದಿತು.

ಕಾಳಮ್ಮ ನಿಲ್ಲಲಿಲ್ಲ. ಕತ್ತು ಹೊರಳಿಸದೆ, ನಿದ್ದೆಯ ದನಿಯಲ್ಲಿ ಅಂದಳು:

"ಇದು ನಿನ್ನ ಕೈ. ಆಚಿ ಸರಿ, ಮಗಳ."

ಧಡ್.

ಈರಮ್ಮ ಸುತ್ತಿಗೆಯನ್ನು ಅಡಿಗಲ್ಲಿನ ಅಂಚಿಗಿಟ್ಟು ಹಿಂದಕ್ಕೆ ಬಂದು, ಎರಡೂ ಕೈಯಿಂದ ನನ್ನ ಎರಡೂ ಕೈ ಹಿಡಿದುಕೊಂಡಳು. ಆ ಬರಿ ಜಾಗದ ಕಡೆ ನೋಡುತ್ತ ಸಣ್ಣ ಹುಡುಗಿಯ ಹಾಗೆ ಅಳುತ್ತಿದ್ದಳು. "ಯಪ್ಪಾ, ಸಾಕನ್ನು. ಆಕಿ ಸಾಯ್ತಾಳ ಯಪ್ಪಾ. ನಿನ್ನ ಕೈಲೇ ಸಾಕನ್ನು..."

ಸಮ್ಮಟಿ ಮತ್ತೆ ಎದ್ದಿತು. ಆದರೆ ಈ ಸಲ ಮೊದಲಿನಷ್ಟು ಮೇಲೆ ಹೋಗಲಿಲ್ಲ. ಮುದುಕಿಯ ತುಟಿ ನೀಲಿಗಟ್ಟಿದ್ದವು. ಇನ್ನೊಂದು ಏಟಾದರೆ ಇವಳು ಮುಗಿದಳು ಎಂದು ನಾನು ಕಣ್ಣು ಮುಚ್ಚಿದೆ.

ಖಣ್.

ಒಂದೇ ಏಟು. ಬರಿ ಅಡಿಗಲ್ಲಿನ ಮೇಲೆ. ಈರಮ್ಮ ಹಾಕಿದ ಹಾಗಲ್ಲ... ಇದು ಹಗುರ, ಬೇಸರವಿಲ್ಲದ್ದು, ದಿನಾ ಹಾಕಿ ರೂಢಿಯಾದ ಕೈಯದು. ಅದರ ಗುಂಯ್ ತಗಡಿನವರೆಗೆ ಹೋಗಿ ಮೆಲ್ಲಗೆ ಆರಿತು.

ಕಣ್ಣು ತೆರೆದೆ. ಕಾಳಮ್ಮ ಸಮ್ಮಟಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮಿಬ್ಬರ ಪಕ್ಕದಿಂದಲೇ ಹಾದು ಹೋಗಿ ಮಲಗಿಕೊಂಡಳು. ಆ ರಾತ್ರಿ ಈರಮ್ಮ ಅವಳ ಮೂಗಿನ ಮುಂದೆ ಕೈ ಹಿಡಿದು ಕುಳಿತಿದ್ದಳು. ಉಸಿರು ನೆಟ್ಟಗೆ ಆಡುತ್ತಿತ್ತು.

"ಕಾಕಾ, ನೀವು ಬಡದ್ರೇನು?" ಕೇಳಿದಳು.

"ನನ್ನ ಕೈ ಎರಡೂ ನಿನ್ನ ಕೈಯಾಗ ಇದ್ವಲ್ಲವ್ವಾ."

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಒಳ್ಳೆಯ ಕಥೆಯೆಂದೇ ಹೇಳಿಕೊಂಡು ತಿರುಗುತ್ತಿದ್ದೆ. ಹೋದ ಗಂಡ ಬಂದು ಹೆಂಡತಿಗೆ ಸಾಕು ಅಂದ ಎಂದು. ಬೆಳಗ್ಗೆ ಟೆಂಪೋದವನ ಹಾರ್ನ್ ಕೇಳಿ ನಾವಿಬ್ಬರೂ ಕುಲುಮೆಗೆ ಹೋದೆವು. ಈರಮ್ಮ ಬಾಗಿಲಲ್ಲೇ ನಿಂತಳು.

ರಾತ್ರಿ ಅವಳು ಅಂಚಿಗೆ ಇಟ್ಟುಬಂದಿದ್ದ ಸುತ್ತಿಗೆ ಈಗ ಅಡಿಗಲ್ಲಿನ ನಡುವೆ ಇತ್ತು. ತಲೆಯ ಮೇಲೆ ನೆಟ್ಟಗೆ ನಿಂತಿತ್ತು, ಹಿಡಿಕೆ ಮೇಲೆ ಮಾಡಿ.

"ಏನಾತವ್ವಾ?"

"ಕೆಲಸ ಮುಗಿದ್ರ ಅಪ್ಪ ಸುತ್ತಿಗೀನ ಮಗ್ಗಲಾ ಮಲಗಿಸ್ತಿದ್ದ," ಅಂದಳು. "ಹಿಂಗ ನಿಂದರಿಸಿದ್ರ... ಕಬ್ಬಿಣ ಆರ್ಯಾದ, ಮತ್ತ ಬೆಂಕ್ಯಾಗ ಇಟ್ಟೀನಿ, ಕಾಯೂತನಕ ತಡಿ ಅಂತ."

ಇಬ್ಬರೂ ಆ ಸುತ್ತಿಗೆಯನ್ನು ಮುಟ್ಟಲಿಲ್ಲ. ಟೆಂಪೋದವನು ಗೊಣಗುತ್ತ ಅದನ್ನು ಆಚೆಗಿಟ್ಟು ಅಡಿಗಲ್ಲು ಎತ್ತಿಸಿದ. ಸುತ್ತಿಗೆಯ ಮೇಲಿದ್ದ ನಮ್ಮ ಕಣ್ಣು ಆಗಲೇ ಬೇರೆ ಕಡೆ ಹೊರಳಿದ್ದು. ಅರ್ಧ ಬಡಿದ ಆ ಕುಳ ಅಲ್ಲಿರಲಿಲ್ಲ. ಒಲೆಯ ಬೂದಿ ಕೆದಕಿದೆವು, ತಟ್ಟಿಯ ಹಿಂದೆ ಹುಡುಕಿದೆವು. ಸಿಗಲಿಲ್ಲ.

ಅಡಿಗಲ್ಲು, ಗಾಳಿ ಚಕ್ರ ನನ್ನ ಮನೆಗೆ ಬಂದವು. ಕಾಳಮ್ಮ ಮಗಳ ಜೊತೆ ದೇವದುರ್ಗಕ್ಕೆ ಹೋದಳು. ರಾತ್ರಿ ಏಳುವುದು ನಿಂತಿತು. ಉಣ್ಣುತ್ತಾಳೆ, ಅಳಿಯನನ್ನು ಆಡಿಕೊಂಡು ನಗುತ್ತಾಳೆ. ಫೋನ್ ಮಾಡಿದಾಗಲೆಲ್ಲ ಈರಮ್ಮ "ಅರಾಮದಾಳ್ರಿ ಕಾಕಾ" ಅನ್ನುತ್ತಿದ್ದಳು. ನಾನೂ ನಿರಾಳವಾಗುತ್ತಿದ್ದೆ.

ಮೊನ್ನೆ ಮಾತ್ರ ಸ್ವಲ್ಪ ತಡೆದಳು.

"ಅರಾಮದಾಳ... ಆದ್ರ ಕಾಕಾ, ಈಗೀಗ ಸಂಜಿ ಆತಂದ್ರ ತೋಳಿಗಿ ಎಣ್ಣಿ ತಿಕ್ಕೋತಾಳ. ಸಮ್ಮಟಿ ಹಿಡಿಯೂ ಮುಂದ ತಿಕ್ಕೋತಿದ್ಳಲ್ಲ, ಹಂಗ. ಯಾಕಬೇ ಯವ್ವಾ ಅಂದ್ರ, 'ಕುಳಾ ಕಾದಿರಬೇಕು ಇಷ್ಟೊತ್ತಿಗಿ' ಅಂತಾಳ."

ಫೋನನ್ನು ಕಿವಿಗೆ ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋದೆ. ದೀಪ ಹಚ್ಚಿ, ಅಡಿಗಲ್ಲಿನ ಮೇಲೆ ಅಂಗೈ ಇಟ್ಟೆ.

ತಣ್ಣಗಿತ್ತು.

ಇವತ್ತೂ ತಣ್ಣಗೇ ಇದೆ. ಮಲಗುವ ಮುಂಚೆ ದಿನಾ ಮುಟ್ಟಿ ನೋಡುತ್ತೇನೆ.